ಬೆಳಗಿದ ನಾಣ್ಯದ ಗತಿಯೇನು?

ಪಾತ್ರೆಯನ್ನು ಬೆಳಗುವುದು ಸದ್ಗುಣವು. ಹುಣಿಸೆಹುಳಿ ಹಚ್ಚಿ, ಒಲೆಯ ಬೂದಿಯಿಂದ ತಿಕ್ಕಿ, ಬಾವಿಯ ನೀರಿನಲ್ಲಿ ಜಾಲಿಸಿ ಬಿಸಿಲಿಗಿಟ್ಟ ತಂಬಿಗೆಯು ಥಳಥಳಿಸುವಾಗ ಮನೆಯ ಶುಚಿತ್ವವೇ ಅದರಲ್ಲಿ ಮೂಡಿದಂತೆ ತೋರುವುದು. ಆದರೆ ಒಂದೆಡೆಯ ಗುಣವು ಮತ್ತೊಂದೆಡೆಯಲ್ಲಿ ದೋಷವಾಗುವುದುಂಟು. ತಂಬಿಗೆಗೆ ಸಲ್ಲುವ ಉಪಚಾರವನ್ನು ಹಳೆಯ ನಾಣ್ಯಕ್ಕೂ ಸಲ್ಲಿಸುವ ರೂಢಿಯು ಮಲೆನಾಡಿನ ಮನೆಗಳಲ್ಲಿ ಬೇರೂರಿರುವುದು. ಇದರಿಂದ ಒದಗುವ ನಷ್ಟವು ಹಣದ ನಷ್ಟ ಮಾತ್ರವಾಗಿದ್ದರೆ ಸಾಹಿತ್ಯಪತ್ರಿಕೆಯೊಂದರಲ್ಲಿ ಅದರ ಚರ್ಚೆಗೆ ಎಡೆಯಿರುತ್ತಿರಲಿಲ್ಲ. ನಷ್ಟವಾಗುತ್ತಿರುವುದು ಈ ಸೀಮೆಯ ಚರಿತ್ರೆಯು.

ಕೊಪ್ಪ ತಾಲ್ಲೂಕಿನ ನಾರ್ವೆಯೇ ಮೊದಲಾದ ಗ್ರಾಮಗಳಲ್ಲಿ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನ ಅಡಕೆ ತೋಟದ ಮನೆಗಳಲ್ಲಿ, ದೇವರ ಕೋಣೆಯ ಸಂಪುಟದೊಳಗೆ ನಾಲ್ಕೆಂಟು ಹಳೆಯ ಕಾಸುಗಳಿರುವುದು ಅಪೂರ್ವವಲ್ಲ. ಮುತ್ತಜ್ಜನ ಕಾಲದ ಆನೆಕಾಸು, ರಾಣಿಯ ತಲೆಯ ಬೆಳ್ಳಿಯ ರೂಪಾಯಿ, ಭಾಗ್ಯವಿದ್ದರೆ ಒಂದು ಹಣ ಅಥವಾ ವರಹ. ದೀಪಾವಳಿಯ ಲಕ್ಷ್ಮೀಪೂಜೆಯಂದು ಇವು ಹೊರಕ್ಕೆ ಬರುವುವು. ಹುಣಿಸೆಹುಳಿ, ಅದಿಲ್ಲದಿದ್ದರೆ ವಾಟೆಹುಳಿ, ಅದೂ ಇಲ್ಲದಿದ್ದರೆ ನಿಂಬೆಯ ಹೋಳು. ಮೇಲೆ ಒಂದು ಚಿಟಿಕೆ ಬೂದಿ ಅಥವಾ ಇಟ್ಟಿಗೆಯ ಪುಡಿ. ಗಳಿಗೆಯೊಳಗೆ ಕಪ್ಪು ಕಾಸು ಕೆಂಪಾಗುವುದು, ಮಬ್ಬು ರೂಪಾಯಿ ಬೆಳ್ಳಗಾಗುವುದು, ಮನೆಮಂದಿಯೆಲ್ಲರೂ ಸಂತೋಷಿಸುವರು.

ಇಂತಹ ನಾಣ್ಯವನ್ನು ಮುಂದೆಂದೋ ಒಂದು ದಿನ ಬಲ್ಲವರ ಮುಂದೆ ಹಿಡಿದಾಗ ಸಂತೋಷವು ಮಾಯವಾಗುವುದು. “ಇದನ್ನು ತೊಳೆದುಬಿಟ್ಟಿದ್ದೀರಿ” ಎಂಬ ಒಂದೇ ಮಾತಿಗೆ ಬೆಲೆಯು ಅರ್ಧಕ್ಕೋ ಕಾಲಿಗೋ ಇಳಿಯುವುದು. ಆಗ ಏಳುವುದೇ ಈ ಲೇಖನದ ಪ್ರಶ್ನೆ: ಬೆಳಗಿದ್ದಾಯಿತು, ಇನ್ನು ಇದರ ಗತಿಯೇನು? ಇದಕ್ಕೆ ಮೂರು ಸಲಹೆಗಳು ಸುಲಭವಾಗಿ ದೊರೆಯುವುವು. ಚಿನಿವಾರನು, “ಇನ್ನೇನಿದೆ, ತೂಕಕ್ಕೆ ಹಾಕಿ ಕರಗಿಸಿರಿ” ಎನ್ನುವನು. ಹಳೆಯ ವಸ್ತುಗಳ ವ್ಯಾಪಾರಿಯು, “ಗಂಧಕದ ನೀರಿಗೆ ಹಾಕಿ ಮತ್ತೆ ಕಪ್ಪು ಮಾಡಿದರಾಯಿತು, ಯಾರಿಗೂ ತಿಳಿಯದು” ಎಂದು ಕಿವಿಯಲ್ಲಿ ಉಸಿರುವನು. ನೆಂಟನೊಬ್ಬನು, “ಹೇಗೂ ತೊಳೆದದ್ದಾಯಿತಲ್ಲ, ಇನ್ನಷ್ಟು ಹೊಳಪು ಕೊಡಿಸಿ ಸರಕ್ಕೆ ಪದಕ ಮಾಡಿಸಿರಿ” ಎನ್ನುವನು. ಈ ಮೂವರ ಮಾತೂ ತಪ್ಪು. ಬೆಳಗಿದ ನಾಣ್ಯವನ್ನು ಎಸೆಯಕೂಡದು, ಬೆಳಗಿದ್ದನ್ನು ಮುಚ್ಚಕೂಡದು, ಒಮ್ಮೆ ಬೆಳಗಿತೆಂದು ಮತ್ತೆ ಬೆಳಗಕೂಡದು. ಅದನ್ನು ಇದ್ದಂತೆಯೇ ಇಟ್ಟು, ಅದಕ್ಕೆ ಆದದ್ದನ್ನು ಬರೆದಿಟ್ಟು, ಕೈಯಿಂದ ಕೈಗೆ ಹೋಗುವಾಗ ಆ ಬರೆಹವನ್ನೂ ಜೊತೆಗೆ ಕಳುಹಿಸುವುದೊಂದೇ ಧರ್ಮವು.

ಇಷ್ಟು ಚಿಕ್ಕ ಲೋಹದ ಬಿಲ್ಲೆಗೆ ಇಷ್ಟು ದೊಡ್ಡ ಮಾತೇಕೆಂದು ಕೇಳುವವರು ಈ ಸೀಮೆಯಲ್ಲಿ ಓಡಾಡಿದ ನಾಣ್ಯಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. 1346ರಲ್ಲಿ ಹರಿಹರನೂ ಅವನ ತಮ್ಮಂದಿರೂ ಶೃಂಗೇರಿಗೆ ಬಂದು ದತ್ತಿಗಳನ್ನು ಬಿಟ್ಟ ಕಾಲದಿಂದ ಈ ನಾಡು ವಿಜಯನಗರದ ವರಹವನ್ನು ಕಂಡಿತು. ಅನಂತರ ಕೆಳದಿಯ ನಾಯಕರ ಆಳಿಕೆಯಲ್ಲಿ ಇಕ್ಕೇರಿಯ ವರಹವು ಬಂದಿತು: ಒಂದು ಮೈಯಲ್ಲಿ ಕುಳಿತ ಶಿವಪಾರ್ವತಿಯರು, ಇನ್ನೊಂದು ಮೈಯಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. ಗೆದ್ದವನು ಆ ನಾಣ್ಯದ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಮುಮ್ಮೈಯನ್ನು ಹಾಗೆಯೇ ಉಳಿಸಿ, ಹಿಮ್ಮೈಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಒತ್ತಿಸಿದನು. ಜನರು ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ರಾಜ್ಯನೀತಿಯು ಉಗುರಿನಗಲದ ಆ ಚಿನ್ನದಲ್ಲಿ ಎಷ್ಟು ಸ್ಪಷ್ಟವಾಗಿರುವುದೋ ಅಷ್ಟು ಸ್ಪಷ್ಟವಾಗಿ ಯಾವ ಬಖೈರಿನಲ್ಲಿಯೂ ಇರಲಾರದು.

1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯನ್ನು ಸೂರೆಮಾಡಿದಾಗ ಟಿಪ್ಪು ಸುಲ್ತಾನನು ಮಠಕ್ಕೆ ಬರೆದ ಪತ್ರಗಳು ಪ್ರಸಿದ್ಧವಾಗಿರುವುವು. ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದ ಆ ಪತ್ರಗಳಲ್ಲಿ, ಬಿದನೂರಿನ ಅಸಫನು 200 ರಾಹತಿಗಳನ್ನು ನಗದಾಗಿಯೂ 200 ರಾಹತಿಗಳ ಬೆಲೆಯ ಧಾನ್ಯವನ್ನೂ ಕೊಡತಕ್ಕದ್ದೆಂಬ ಆಜ್ಞೆಯುಂಟು. ರಾಹತಿಯೆಂದರೆ ಟಿಪ್ಪುವಿನ ಚಿನ್ನದ ಹಣ. ತೂಕದಲ್ಲಿ ಒಂದು ಗ್ರಾಮಿನ ಮೂರರಲ್ಲೊಂದು ಪಾಲಿನಷ್ಟು. ಪತ್ರವನ್ನು ಜೋಪಾನವಾಗಿ ಕಾಪಾಡಿದ ಈ ನಾಡು, ಪತ್ರದಲ್ಲಿ ಹೇಳಿದ ಹಣವನ್ನು ಮಾತ್ರ ಹುಣಿಸೆಹುಳಿಗೆ ಒಪ್ಪಿಸುವುದೆಂದರೆ ಏನು ನ್ಯಾಯ? ಅದರ ಮುಂದಿನದು ಮುಮ್ಮಡಿ ಕೃಷ್ಣರಾಜ ಒಡೆಯರ ಮೈಲಿ ಕಾಸು. ಇಪ್ಪತ್ತು ಕಾಸಿನ ಆ ತಾಮ್ರದ ತುಂಡಿನ ಮೇಲೆ ಕನ್ನಡವೂ ಪಾರಸಿಯೂ ಇಂಗ್ಲಿಷೂ ಕೂಡಿ ಕುಳಿತಿರುವುವು. ‘ಶ್ರೀ ಚಾಮುಂಡಿ’ಯ ಹೆಸರನ್ನು ಅದು ಹೊತ್ತಿರುವುದು. ಮೈಸೂರಿನ ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಆಮೇಲೆ ಕನ್ನಡದ ಅರಸನೊಬ್ಬನ ಹೆಸರಿನ ನಾಣ್ಯವು ಈ ಮಣ್ಣಿನಲ್ಲಿ ಅಚ್ಚಾಗಲೇ ಇಲ್ಲ. ಆದಕಾರಣ ಉಳಿದಿರುವಷ್ಟೇ ಉಳಿದಿರುವುದು. ಅಳಿದರೆ ಹೊಸದು ಹುಟ್ಟದು.

ಇನ್ನು ಬೆಳಗುವುದರಿಂದ ನಿಜವಾಗಿ ಆಗುವುದೇನೆಂಬುದನ್ನು ನೋಡಬೇಕು. ತಾಮ್ರದ ಮೇಲೆ ಕಾಣುವ ಕಂದು, ಕಪ್ಪು, ಹಸುರು ಪೊರೆಯು ಕೊಳೆಯಲ್ಲ. ಗಾಳಿ, ತೇವ, ಮಣ್ಣುಗಳೊಡನೆ ನೂರಾರು ವರ್ಷ ಬೆರೆತು ತಾಮ್ರವೇ ಪಡೆದ ಹೊರಮೈ ಅದು. ಒಳಗಡೆ ಕೆಂಪನೆಯ ಆಕ್ಸೈಡು, ಅದರ ಮೇಲೆ ಹಸುರಾದ ಕಾರ್ಬೊನೇಟು. ಗಟ್ಟಿಯಾಗಿ, ನುಣುಪಾಗಿ ಕುಳಿತ ಈ ಪೊರೆಯು ಒಳಗಿನ ಲೋಹಕ್ಕೆ ಕವಚವಾಗಿರುವುದು. ಪಶ್ಚಿಮದವರು ಇದನ್ನು ‘ಪಟಿನಾ’ ಎಂದು ಕರೆದು ಮಾನ್ಯಮಾಡುವರು. ನಾಣ್ಯದ ನಯವಾದ ಗೆರೆಗಳು ಎಷ್ಟೋ ವೇಳೆ ಲೋಹದಲ್ಲಿರದೆ ಈ ಪೊರೆಯಲ್ಲಿಯೇ ಉಳಿದಿರುವುವು. ಹುಳಿಯು ಪೊರೆಯನ್ನು ಕರಗಿಸಿದಾಗ ಗೆರೆಯೂ ಅದರೊಡನೆ ಕರಗುವುದು. ಅಡಿಯಿಂದ ಹೊರಬೀಳುವ ಕೆಂಪು ತಾಮ್ರವು ಹಳ್ಳಹಳ್ಳವಾದ ಹಸಿಗಾಯದಂತಿರುವುದು.

ಟಿಪ್ಪುವಿನ ಆನೆಕಾಸನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಆತನು ತನ್ನ ಪೈಸೆಗೆ ಶುಕ್ರಗ್ರಹದ ಹೆಸರಾದ ‘ಜೊಹ್ರಾ’ ಎಂದೂ, ಅರ್ಧ ಪೈಸೆಗೆ ಮಂಗಳನ ಹೆಸರಾದ ‘ಬಹ್ರಾಮ್’ ಎಂದೂ ನಾಮಕರಣ ಮಾಡಿದನು. ತನ್ನದೇ ಆದ ಮೌಲೂದಿ ಶಕೆಯಲ್ಲಿ ವರ್ಷವನ್ನು ಕೊರೆಯಿಸಿದನು. ಕೊನೆಯ ವರ್ಷಗಳ ಕಾಸುಗಳಲ್ಲಿ ಆನೆಯ ಮೇಲ್ಗಡೆ ಒಂದೊಂದು ಅರಬ್ಬಿ ಅಕ್ಷರವನ್ನು ಇರಿಸಿದನು. ಆ ಅಕ್ಷರವು ಅಕ್ಕಿಕಾಳಿಗಿಂತ ದೊಡ್ಡದಲ್ಲ. ಯಾವ ವರ್ಷದ್ದು, ಯಾವ ಟಂಕಸಾಲೆಯದು ಎಂಬ ನಿರ್ಣಯವೆಲ್ಲ ಇಂತಹ ಸೂಕ್ಷ್ಮ ಗುರುತುಗಳನ್ನು ಅವಲಂಬಿಸಿರುವುದು. ಜೆ. ಆರ್. ಹೆಂಡರ್ಸನ್ನರು 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಮೇಲೆ ಗ್ರಂಥವನ್ನು ಪ್ರಕಟಿಸಲು ಸಾಧ್ಯವಾದದ್ದು ಇವನ್ನು ಓದಲು ಬರುವಂತಹ ಕಾಸುಗಳು ಉಳಿದಿದ್ದುದರಿಂದಲೇ. ಇಟ್ಟಿಗೆಯ ಪುಡಿಗೆ ಆನೆಯು ದೊಡ್ಡದಾದ್ದರಿಂದ ಉಳಿಯುವುದು, ಅಕ್ಷರವು ಹೋಗುವುದು. ಆಗ ಕೈಯಲ್ಲಿ ಉಳಿದದ್ದು ಆನೆಯ ಚಿತ್ರವೇ ಹೊರತು ಚರಿತ್ರೆಯಲ್ಲ.

ಬೆಳ್ಳಿಯ ಕಥೆಯೂ ಇದೇ. ಗಾಳಿಯಲ್ಲಿರುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡಿ ಕಪ್ಪಾಗುವುದು. ಆ ಕಪ್ಪಿನಲ್ಲಿ ಬೆಳ್ಳಿಯೂ ಸೇರಿರುವುದು. ಅಂಗಡಿಯ ದ್ರಾವಣದಲ್ಲಿ ರೂಪಾಯಿಯನ್ನು ಅದ್ದಿ ಕಪ್ಪನ್ನು ತೆಗೆದಾಗಲೆಲ್ಲ ಬೆಳ್ಳಿಯ ಒಂದು ತೆಳುಪದರವು ಹೋಗುವುದು. ಹೊಸ ನಾಣ್ಯವು ಅಚ್ಚಿನಿಂದ ಬೀಳುವಾಗ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ನವಿರಾದ ಗೆರೆಗಳು ಮಧ್ಯದಿಂದ ಅಂಚಿಗೆ ಹರಿದಿರುವುವು. ಕೈಯಲ್ಲಿ ತಿರುಗಿಸಿದರೆ ಬೆಳಕು ಅವುಗಳ ಮೇಲೆ ಚಕ್ರದಂತೆ ಸುತ್ತುವುದು. ಈ ಜೀವಕಳೆಯನ್ನು ಯಾವ ಪಾಲಿಷೂ ಮರಳಿ ಕೊಡಲಾರದು. ಪಾಲಿಷಿನ ಹೊಳಪು ಹೆಣಕ್ಕೆ ಮಾಡಿದ ಸಿಂಗಾರವು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯು ಮಲೆನಾಡಿನ ಮನೆಗಳಲ್ಲಿ ಈಗಲೂ ಕಾಣಸಿಗುವುದು. 1874ರಲ್ಲಿ ಹೊಸ ವರ್ಷವನ್ನು ಕೆತ್ತುವ ತನಕ ಆ ಒಂದೇ ಇಸವಿಯನ್ನು ಹೊತ್ತ ರೂಪಾಯಿಗಳನ್ನು ಅಚ್ಚುಹಾಕುತ್ತಿದ್ದರು. ನಿಜವಾದ ವರ್ಷವನ್ನು ಸೂಚಿಸುವುದು ಹಿಮ್ಮೈಯ ಸಣ್ಣ ಚುಕ್ಕೆಗಳೆಂದು ನಾಣ್ಯಶಾಸ್ತ್ರಜ್ಞರು ಗುರುತಿಸಿರುವರು. ಸೂಜಿಯ ಮೊನೆಯಷ್ಟಿರುವ ಚುಕ್ಕೆಯು ಎಷ್ಟು ದೀಪಾವಳಿಗಳ ಬೂದಿಯನ್ನು ತಾಳೀತು?

ಚಿನ್ನಕ್ಕೆ ಕಿಲುಬಿಲ್ಲವಾದ್ದರಿಂದ ಅದನ್ನು ಬೆಳಗಬೇಕಾದ ಕಾರಣವೇ ಇಲ್ಲ. ಆದರೂ ಬೆಳಗುವರು, ಮೆದುವಾದ ಆ ಲೋಹದಲ್ಲಿ ಗೀರು ಬೀಳಿಸುವರು, ಸರಕ್ಕೆ ಪೋಣಿಸಲು ಬೆಸುಗೆಯಿಂದ ಕೊಂಡಿ ಹಚ್ಚುವರು. ಎಲ್ಲಕ್ಕಿಂತ ದುರ್ಬಲವಾದುದು ಸೀಸವು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವೀಲರರೂ ನಡೆಸಿದ ಉತ್ಖನನಗಳಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತುವು. ಇಂತಹ ನಾಣ್ಯಕ್ಕೆ ಹುಳಿಯು ವಿಷಪ್ರಾಯವು. ಮರದ ಪೆಟ್ಟಿಗೆಯಿಂದ ಏಳುವ ಹುಳಿಯ ಆವಿಯೇ ಅದನ್ನು ಕಾಲಕ್ರಮದಲ್ಲಿ ಬಿಳಿಯ ಪುಡಿಯಾಗಿ ಮಾಡುವುದು.

ಇದಕ್ಕೆ ಪ್ರತಿಯಾಗಿ ಹೇಳುವವರ ವಾದಗಳನ್ನೂ ಕೇಳಬೇಕು. ಮೊದಲನೆಯ ವಾದವು ಭಕ್ತಿಯದು: ಪೂಜೆಗೆ ಇಡುವ ವಸ್ತು ಶುದ್ಧವಾಗಿರಬೇಡವೇ? ಶುದ್ಧವಾಗಿರಬೇಕು, ನಿಜ. ಆದರೆ ಪ್ರೋಕ್ಷಣೆಯ ಒಂದು ಹನಿ ನೀರಿನಿಂದ ಪೀಠವೂ ಪುಷ್ಪವೂ ಶುದ್ಧವಾಗುವುದಾದರೆ ಕಾಸೊಂದಕ್ಕೆ ಮಾತ್ರ ಇಟ್ಟಿಗೆಯ ಪುಡಿಯೇ ಬೇಕೆಂಬ ವಿಧಿ ಎಲ್ಲಿಂದ ಬಂದಿತು? ಲಕ್ಷ್ಮಿಯು ಹೊಳಪಿನಲ್ಲಿರುವಳೆಂದು ನಂಬುವವರು ಇಂದಿನ ಸ್ಟೇನ್‌ಲೆಸ್ ಸ್ಟೀಲಿನ ರೂಪಾಯಿಯನ್ನು ಇಟ್ಟು ಮನಸಾರೆ ತೊಳೆಯಲಿ. ಅದು ಎಷ್ಟು ತೊಳೆದರೂ ಸವೆಯದು. ಹಳೆಯ ಕಾಸನ್ನು ಒಣಗಿದ ಬಟ್ಟಲಿನಲ್ಲಿಟ್ಟು ಪಕ್ಕದಲ್ಲಿರಿಸಿದರೆ ಅದಕ್ಕೂ ಪೂಜೆ ಸಲ್ಲುವುದು. ತಲೆನರೆತ ಹಿರಿಯರಿಗೆ ನಮಸ್ಕರಿಸುವಾಗ ಅವರ ಕೂದಲಿಗೆ ಕಪ್ಪು ಬಳಿದು ಆಮೇಲೆ ನಮಸ್ಕರಿಸಬೇಕೆಂದು ಯಾರೂ ಹೇಳರು.

ಎರಡನೆಯ ವಾದವು ಕೊಂಚ ಗಟ್ಟಿಯಾದುದು: ಸಂಗ್ರಹಾಲಯದವರೂ ನಾಣ್ಯಗಳನ್ನು ಶುಚಿಮಾಡುವರಲ್ಲ, ಅವರಿಗೆ ಸಲ್ಲುವುದು ಮನೆಯವರಿಗೇಕೆ ಸಲ್ಲದು? ಅವರು ಮಾಡುವುದು ಹೌದು. ಆದರೆ ಹೊಳಪಿಗಾಗಿ ಅಲ್ಲ. ಉಪ್ಪಿನ ಅಂಶವು ತಾಮ್ರದೊಳಗೆ ಸೇರಿದರೆ ತೇವವುಳ್ಳ ಗಾಳಿಯಲ್ಲಿ ಅದು ತಾನೇ ಆಮ್ಲವನ್ನು ಹುಟ್ಟಿಸುತ್ತ ಲೋಹವನ್ನು ತಿನ್ನುತ್ತ ಹೋಗುವುದು. ತಿಳಿಹಸುರಿನ ಪುಡಿಯು ಉಕ್ಕಿ ಉದುರುವುದು ಅದರ ಲಕ್ಷಣವು. ಇದು ರೋಗವು, ಇದಕ್ಕೆ ಚಿಕಿತ್ಸೆ ಬೇಕು. ಮೊದಲನೆಯ ಮಹಾಯುದ್ಧದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವಸ್ತುಗಳನ್ನು ನೆಲದಡಿಯ ರೈಲಿನ ಸುರಂಗಗಳಲ್ಲಿ ಬಚ್ಚಿಟ್ಟಾಗ ಅಲ್ಲಿಯ ತೇವದಿಂದ ಅನೇಕ ವಸ್ತುಗಳು ಕೆಟ್ಟುವು. ಅದರ ಪರಿಹಾರಕ್ಕಾಗಿಯೇ 1920ರಲ್ಲಿ ಅಲ್ಲಿ ಪ್ರಯೋಗಶಾಲೆಯು ಆರಂಭವಾಯಿತು. ಭಾರತದಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಶಾಲೆಯು 1976ರಲ್ಲಿ ಸ್ಥಾಪಿತವಾಗಿ, ಅದರ ಪ್ರಾದೇಶಿಕ ಶಾಖೆಯೊಂದು ಮೈಸೂರಿಗೂ ಬಂದಿತು. ಇಂತಹ ಕಡೆ ಸೂಕ್ಷ್ಮದರ್ಶಕದ ಕೆಳಗೆ, ಎಷ್ಟು ಬೇಕೋ ಅಷ್ಟನ್ನೇ ಮುಟ್ಟಿ, ಮುಟ್ಟಿದ್ದನ್ನೆಲ್ಲ ಬರೆದಿಡುವರು. ವೈದ್ಯನು ಕತ್ತಿ ಹಿಡಿಯುವನೆಂದು ಕ್ಷೌರಿಕನೂ ಹೊಟ್ಟೆಯನ್ನು ಕೊಯ್ಯಬಹುದೇ?

ಮೂರನೆಯವರು ಜಾಣರು. ಬಳಕೆಯ ಗುರುತೂ ಚರಿತ್ರೆಯೇ ಅಲ್ಲವೇ ಎಂದು ಕೇಳುವರು. 1898ರಲ್ಲಿ ಪುದುಕೋಟೆಯಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಉಳಿಯಿಂದ ಕಚ್ಚು ಹಾಕಿರುವರು. ಆ ಕಚ್ಚನ್ನು ವಿದ್ವಾಂಸರು ಚರಿತ್ರೆಯ ಸಾಕ್ಷಿಯೆಂದು ಓದುವರು. ಹಾಗಾದರೆ ಮಲೆನಾಡಿನ ಮನೆಯ ಹುಣಿಸೆಹುಳಿಯ ಗುರುತೂ ಈ ನಾಡಿನ ಆಚಾರದ ಸಾಕ್ಷಿಯಲ್ಲವೇ? ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕಲಾಗದು; ಇದರೊಳಗೆ ಸತ್ಯದ ಅರ್ಧಭಾಗವಿದೆ. ಉಳಿಯ ಕಚ್ಚು ನಾಣ್ಯಕ್ಕೆ ಒಂದು ಸಂಗತಿಯನ್ನು ಕೂಡಿಸಿತು, ಉಳಿದುದನ್ನು ಹಾಗೆಯೇ ಬಿಟ್ಟಿತು. ಬೆಳಗುವುದು ಏನನ್ನೂ ಕೂಡಿಸದೆ ಇದ್ದುದನ್ನು ಕಳೆಯುವುದು. ಆದರೂ ಈಗಾಗಲೇ ಬೆಳಗಿದ ನಾಣ್ಯದ ವಿಷಯದಲ್ಲಿ ಈ ಜಾಣರ ಮಾತು ಒಂದು ದಾರಿಯನ್ನು ತೋರಿಸುವುದು: ಆ ಪೂಜೆಯ ಕಥೆಯನ್ನು ಬರೆದಿಟ್ಟಾಗ ಮಾತ್ರ ಅದು ಸಾಕ್ಷಿಯಾಗುವುದು. ಬರೆಯದ ಪೂಜೆಯು ಮುಂದಿನವರ ಕಣ್ಣಿಗೆ ಬರಿಯ ಗೀರು.

“ನಾಣ್ಯ ನನ್ನದು, ಏನಾದರೂ ಮಾಡಿಕೊಳ್ಳುವೆನು” ಎಂಬುದು ಕೊನೆಯ ವಾದವು. ದೇಶದ ಕಾಯಿದೆಯೇ ಇದನ್ನು ಪೂರ್ತಿಯಾಗಿ ಒಪ್ಪದು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸತಕ್ಕದ್ದೆಂಬ ವಿಧಿಯು ಬ್ರಿಟಿಷ್ ಇಂಡಿಯಾದಲ್ಲಿ 1878ರಲ್ಲಿಯೇ ಬಂದಿತು. ಈ ರಾಜ್ಯದಲ್ಲಿ 1962ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ನೂರು ವರ್ಷ ದಾಟಿದ ನಾಣ್ಯವು 1972ರ ಕಾಯಿದೆಯಂತೆ ಪುರಾತನ ವಸ್ತುವು. ಖಾಸಗಿಯವರು ಅದನ್ನು ದೇಶದಿಂದ ಹೊರಕ್ಕೆ ಒಯ್ಯಕೂಡದು. ತೋಟದ ಬುಡ ಬಿಡಿಸುವಾಗ ಕುಡಿಕೆಯೊಂದು ಸಿಕ್ಕಿತೆಂದು ಭಾವಿಸಲಿ. ಅದರೊಳಗಿನ ಕಾಸುಗಳನ್ನು ತೊಳೆದು ಹೊಳೆಯಿಸಿ ಆಮೇಲೆ ತಹಸೀಲ್ದಾರರ ಮುಂದೆ ಇಡುವವನು ಉಪಕಾರ ಮಾಡಿದಂತಲ್ಲ. ಕಿಲುಬಿಗೆ ಅಂಟಿದ ಬಟ್ಟೆಯ ನೇಯ್ಗೆಯ ಅಚ್ಚು, ಒಂದಕ್ಕೊಂದು ಕಚ್ಚಿ ಕುಳಿತ ಕ್ರಮ, ಕುಡಿಕೆಯ ಮಣ್ಣು, ಇವೆಲ್ಲವೂ ಆ ನಿಧಿಯನ್ನು ಹೂಳಿದವರ ಮಾತುಗಳು. ಕುಡಿಕೆಯನ್ನು ಇದ್ದಂತೆಯೇ ಒಪ್ಪಿಸಿದವನೇ ಅವರ ಮಾತನ್ನು ಕೇಳಿಸಿದವನು.

ಹೀಗಿರಲು, ಬೆಳಗಿಹೋದ ನಾಣ್ಯವನ್ನು ಕೈಯಲ್ಲಿ ಹಿಡಿದು ಚಿಂತಿಸುವವರು ಮಾಡತಕ್ಕದ್ದೇನು? ಈಗತಾನೇ ಹುಳಿ ಹಚ್ಚಿದ್ದಾದರೆ, ಉಳಿದ ಹುಳಿಯು ಲೋಹವನ್ನು ಕೊರೆಯುತ್ತಲೇ ಇರುವುದರಿಂದ, ಬಟ್ಟಿಯಿಳಿಸಿದ ನೀರಿನಲ್ಲಿ ಹಲವು ಸಾರಿ ಅದ್ದಿ ತೆಗೆದು, ಮೆದುವಾದ ಹತ್ತಿಬಟ್ಟೆಯಿಂದ ಒರೆಸದೆ ಒತ್ತಿ ತೇವವನ್ನು ಹೀರಿಸಿ, ಪೂರ್ಣವಾಗಿ ಒಣಗಿಸಬೇಕು. ಅಲ್ಲಿಗೆ ಕೈ ನಿಲ್ಲಬೇಕು. ಎಣ್ಣೆ, ಮೇಣ, ವಾರ್ನಿಷುಗಳು ಬೇಡ. ಹಿಡಿಯುವಾಗ ಅಂಚನ್ನೇ ಹಿಡಿಯಬೇಕು. ಬೆರಳಿನ ಬೆವರು ಬರಿಮೈಯಾದ ಲೋಹದ ಮೇಲೆ ಬೇಗನೆ ಕಲೆಯಾಗುವುದು. ಪೊರೆ ಕಳೆದುಕೊಂಡ ತಾಮ್ರಕ್ಕೆ ಮಲೆನಾಡಿನ ಮಳೆಗಾಲವು ದೊಡ್ಡ ಶತ್ರುವು. ಆಷಾಢ ಶ್ರಾವಣಗಳಲ್ಲಿ ಗೋಡೆಯೇ ಬೆವರುವಾಗ ನಾಣ್ಯವು ಹೇಗೆ ಒಣಗಿದ್ದೀತು? ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವವನ್ನು ಹೀರುವ ಸಿಲಿಕಾ ಜೆಲ್ ಹರಳುಗಳೊಡನೆ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಇಡುವುದು ಕ್ಷೇಮವು. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಮೆದುವಾದ ಪಿ.ವಿ.ಸಿ. ಹಾಳೆಯ ಜೇಬುಗಳಲ್ಲಿ ಇಡಕೂಡದು. ಅದರಿಂದ ಜಿನುಗುವ ಪದಾರ್ಥವು ಹಸುರು ಜಿಗುಟಾಗಿ ನಾಣ್ಯಕ್ಕೆ ಅಂಟುವುದು.

ಆಮೇಲೆ ಬರೆಹ. ಒಂದು ಚೀಟಿಯಲ್ಲಿ ನಾಣ್ಯದ ತೂಕ, ಅಡ್ಡಳತೆ, ಎರಡು ಮೈಯ ವಿವರ, ಮನೆಗೆ ಬಂದ ಬಗೆ, ಯಾವಾಗ ಯಾವುದರಿಂದ ತೊಳೆದದ್ದು, ಇಷ್ಟನ್ನು ಬರೆದು ಜೊತೆಗೆ ಇಡಬೇಕು. “ಪ್ರತಿ ದೀಪಾವಳಿಯಲ್ಲಿ ಹುಣಿಸೆಹುಳಿಯಿಂದ ತೊಳೆಯುತ್ತಿದ್ದರು, ಈಗ ನಿಲ್ಲಿಸಲಾಗಿದೆ” ಎಂಬ ಒಂದು ಸಾಲು ನೂರು ವರ್ಷದ ಮೇಲೆ ಓದುವವನಿಗೆ ನಾಣ್ಯಕ್ಕಿಂತ ಬೆಲೆಯುಳ್ಳದ್ದಾದರೂ ಆದೀತು. ತೊಳೆಯುವ ಮುಂಚಿನ ಛಾಯಾಚಿತ್ರವಿದ್ದರೆ ಅದನ್ನು ಬಿಡದೆ ಸೇರಿಸಬೇಕು.

ಕರಗಿಸಿರೆನ್ನುವ ಚಿನಿವಾರನಿಗೆ ಉತ್ತರವು ಇದರಲ್ಲಿಯೇ ಇದೆ. ತೊಳೆದ ನಾಣ್ಯವು ಮೈಬಣ್ಣವನ್ನು ಕಳೆದುಕೊಂಡಿತು. ಲೋಹವನ್ನೂ ಅಚ್ಚನ್ನೂ ಉಳಿದ ಅಕ್ಷರಗಳನ್ನೂ ಕಳೆದುಕೊಳ್ಳಲಿಲ್ಲ. ಚಿನ್ನ ಎಷ್ಟು ಬೆರೆತಿದೆಯೆಂದು ಇನ್ನೂ ಪರೀಕ್ಷಿಸಬಹುದು; ಒಂದೇ ಅಚ್ಚಿನಿಂದ ಬಿದ್ದ ಬೇರೊಂದರೊಡನೆ ಹೋಲಿಸಬಹುದು; ಯಾವ ಊರಿನ ಯಾವ ಮನೆಯಲ್ಲಿ ಇದ್ದಿತೆಂಬುದರಿಂದ ಆ ನಾಣ್ಯದ ಓಡಾಟದ ಸೀಮೆಯನ್ನು ಗೊತ್ತುಮಾಡಬಹುದು. ಬ್ರಿಟಿಷರ ಕಾಲದ ಹಳೆಯ ರೂಪಾಯಿಯಲ್ಲಿ 180 ಗ್ರೈನು ತೂಕದೊಳಗೆ 165 ಗ್ರೈನು ಅಪ್ಪಟ ಬೆಳ್ಳಿಯುಂಟು. ಮೂಸೆಗೆ ಹಾಕಿದರೆ ದೊರೆಯುವುದು ಅಷ್ಟೇ. ಅದು ಎಂದಿಗೂ ಎಲ್ಲಿಯೂ ದೊರೆಯುವ ಬೆಳ್ಳಿ. ಅಳಿಸಿದ ಸಾಲುಗಳಿರುವ ತಾಳೆಯೋಲೆಯನ್ನು ಒಲೆಗೆ ಹಾಕುವವರಿಲ್ಲ. ಉಳಿದ ಸಾಲುಗಳನ್ನು ಓದುವರು.

ಮತ್ತೆ ಕಪ್ಪು ಮಾಡಿರೆನ್ನುವ ವ್ಯಾಪಾರಿಗೆ ಹೇಳಬೇಕಾದದ್ದು ಇದಕ್ಕಿಂತ ಖಾರವಾದುದು. ಗಂಧಕದ ದ್ರಾವಣದಲ್ಲಿ ಅದ್ದುವುದು, ಹೊಗೆಯ ಮೇಲೆ ಹಿಡಿಯುವುದು, ಗೊಬ್ಬರದಲ್ಲಿ ಹೂಳುವುದು, ಇವೆಲ್ಲವೂ ಸುಳ್ಳು ವಯಸ್ಸನ್ನು ಬಳಿಯುವ ಉಪಾಯಗಳು. ಅಜ್ಞಾನದಿಂದ ತೊಳೆದವನು ಒಂದು ನಾಣ್ಯವನ್ನು ಕೆಡಿಸಿದನು; ಬಣ್ಣ ಬಳಿದು ಮಾರಿದವನು ನಾಣ್ಯದೊಡನೆ ನಂಬಿಕೆಯನ್ನೂ ಕೆಡಿಸಿದನು. ಮೊದಲನೆಯದು ತಪ್ಪು, ಎರಡನೆಯದು ವಂಚನೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಕಪ್ಪಗಿರುವುದೆಲ್ಲ ಹಳೆಯದಲ್ಲವೆಂದು ಇಂತಹವರು ಜೋಡಿ ಗಾದೆಯನ್ನು ಕಟ್ಟಿಕೊಟ್ಟಂತಾಗಿದೆ.

ಆದರೆ ದೋಷವೆಲ್ಲವನ್ನೂ ವ್ಯಾಪಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಈ ವಂಚನೆಯನ್ನು ಪೋಷಿಸುವವರು ಸಂಗ್ರಾಹಕರೆಂಬ ದೊಡ್ಡವರೇ. ತೊಳೆದದ್ದೆಂದು ಒಪ್ಪಿಕೊಂಡವನ ನಾಣ್ಯವನ್ನು ಅಸ್ಪೃಶ್ಯದಂತೆ ದೂರ ಸರಿಸುವರು. ತೊಳೆದು ಬಣ್ಣ ಹಚ್ಚಿ ಬಾಯಿ ಮುಚ್ಚಿಕೊಂಡವನ ನಾಣ್ಯಕ್ಕೆ ಪೂರ್ಣ ಬೆಲೆಯನ್ನು ತೆರುವರು. ನಿಜಕ್ಕೆ ದಂಡ, ಸುಳ್ಳಿಗೆ ಬಹುಮಾನ! ಹೀಗೆ ನಡೆದುಕೊಂಡರೆ ಯಾವ ಮನೆಯವನು ತಾನೇ ನಿಜವನ್ನು ಹೇಳಿಯಾನು? ಅಮೆರಿಕದಲ್ಲಿ 1986 ಮತ್ತು 1987ರಲ್ಲಿ ಆರಂಭವಾದ ಪಿ.ಸಿ.ಜಿ.ಎಸ್., ಎನ್.ಜಿ.ಸಿ. ಎಂಬ ನಾಣ್ಯಪರೀಕ್ಷಕ ಸಂಸ್ಥೆಗಳು ತೊಳೆದ ನಾಣ್ಯವನ್ನು ತಳ್ಳಿಹಾಕದೆ, ಅದು ತೊಳೆದದ್ದೆಂಬ ಸಂಗತಿಯನ್ನೇ ಅದರ ಚೀಟಿಯಲ್ಲಿ ಅಚ್ಚುಮಾಡಿ ಕೊಡುವುವು. ಕೊಳ್ಳುವವನು ಕಣ್ಣು ತೆರೆದು ಕೊಳ್ಳುವನು. ಮಾರುವವನು ತಲೆ ಎತ್ತಿ ಮಾರುವನು. ಬೆಲೆ ಕಡಮೆಯಾದರೂ ಮಾನ ಕಡಮೆಯಾಗದು. ಈ ನಾಡಿನ ಸಂಗ್ರಾಹಕರು ಇಷ್ಟನ್ನು ಕಲಿಯಲಿ: ತೊಳೆದದ್ದೆಂದು ಹೇಳಿ ತಂದವನಿಗೆ ತಕ್ಕ ಬೆಲೆಯನ್ನು ಮರ್ಯಾದೆಯಿಂದ ಕೊಡಲಿ, ಹೇಳದೆ ತಂದವನ ನಾಣ್ಯವನ್ನು ಎಷ್ಟೇ ಚೆನ್ನಾಗಿದ್ದರೂ ಹಿಂದಿರುಗಿಸಲಿ. ವ್ಯಾಪಾರವು ತಾನಾಗಿಯೇ ಸರಿದಾರಿಗೆ ಬರುವುದು.

ಜಿಲ್ಲೆಯ ಸಾಹಿತ್ಯಾಭಿಮಾನಿಗಳಿಗೂ ಇದರಲ್ಲಿ ಪಾಲುಂಟು. ಶಾಸನಗಳನ್ನು ಓದಿ, ತಾಳೆಯೋಲೆಗಳನ್ನು ಕಾಪಾಡಿ, ಗಾದೆಗಳನ್ನು ಕೂಡಿಸಿ ಹೆಮ್ಮೆಪಡುವ ಸಂಘಗಳು ಮನೆಯೊಳಗಿನ ನಾಣ್ಯಗಳ ಪಟ್ಟಿಯನ್ನು ಮಾತ್ರ ಇನ್ನೂ ತಮ್ಮ ಕೆಲಸವೆಂದು ಎಣಿಸಿದಂತಿಲ್ಲ. ನಾಣ್ಯವನ್ನು ಕೇಳಬೇಕಾಗಿಲ್ಲ, ಅದು ದೇವರ ಸಂಪುಟದಲ್ಲಿಯೇ ಇರಲಿ. ತೂಕ, ಚಿತ್ರ, ಊರಿನ ಹೆಸರು, ತೊಳೆದದ್ದೋ ತೊಳೆಯದ್ದೋ ಎಂಬ ಒಂದು ಮಾತು, ಇಷ್ಟು ದೊರೆತರೆ ಸಾಕು. ಶಾಲೆಯ ಮಕ್ಕಳು ಒಂದು ಬೇಸಗೆಯ ರಜೆಯಲ್ಲಿ ಇದನ್ನು ಮಾಡಬಲ್ಲರು. ನಾರ್ವೆಯಲ್ಲಿ ಯಾವ ಕಾಸು ಓಡಿತು, ಶೃಂಗೇರಿಯ ಪೇಟೆಯಲ್ಲಿ ಯಾವುದು ಹೆಚ್ಚಾಗಿದ್ದಿತು, ಘಟ್ಟದ ಕೆಳಗಿನ ಹಣವು ಎಲ್ಲಿಯ ತನಕ ಹತ್ತಿ ಬಂದಿತು ಎಂಬ ಪ್ರಶ್ನೆಗಳಿಗೆ ಗ್ರಂಥಾಲಯದಲ್ಲಿ ಉತ್ತರವಿಲ್ಲ; ಆ ಸಂಪುಟಗಳಲ್ಲಿ ಉಂಟು. ಅಂತಹ ಪಟ್ಟಿಯಲ್ಲಿ ಬೆಳಗಿದ ನಾಣ್ಯಕ್ಕೂ ಬೆಳಗದ ನಾಣ್ಯಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಬೇಕು. ಬರೆದಿಟ್ಟ ಕುಂದು ಅರ್ಧ ಪರಿಹಾರವಾದ ಕುಂದು. ಮುಚ್ಚಿಟ್ಟ ಕುಂದು ಬೆಳೆಯುತ್ತಲೇ ಇರುವುದು. ಈ ಸಲದ ದೀಪಾವಳಿಗೆ ಹುಣಿಸೆಹುಳಿಯು ಅಡಿಗೆಯ ಮನೆಯನ್ನು ದಾಟದಿರಲಿ, ಚೀಟಿಯೂ ಲೇಖನಿಯೂ ದೇವರ ಕೋಣೆಗೆ ಬರಲಿ.